ಚಿತ್ತವಾಡ್ಗಿ ಬಾಯ್ಸ್ ಮತ್ತು ಕಂಪ್ಲಿಯ ಸೊಸೆ

ಮೊನ್ನೆ ಬೆಳಿಗ್ಗೆ ಅಡುಗೆಮನೆಯ ಕಟ್ಟೆಯ ಮೇಲಿಟ್ಟಿದ್ದ ಬುಟ್ಟಿಯಿಂದ ಒಂದು ಉಳ್ಳಾಗಡ್ಡಿ ಜಾರಿ ಕೆಳಗೆ ಬಿತ್ತು. ಬಿದ್ದದ್ದು ಸುಮ್ಮನಿರದೆ ಬಾಗಿಲ ಕಡೆ ಉರುಳಿಕೊಂಡು ಹೊರಟಿತು. ಐವತ್ತು ದಾಟಿದ, ದಿನಾ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುವ ಹೆಂಗಸು ಇಂಥ ಹೊತ್ತಿನಲ್ಲಿ ಏನು ಮಾಡಬೇಕು? ‘ಅಯ್ಯ ಶಿವನೇ’ ಎಂದು ಬಗ್ಗಿ ಎತ್ತಿಕೊಳ್ಳಬೇಕು. ನಾನೂ ಬಗ್ಗುವವಳೇ ಇದ್ದೆ. ಅಷ್ಟರಲ್ಲಿ ನನ್ನ ಎಡಗಾಲು ನನ್ನನ್ನು ಒಂದು ಮಾತೂ ಕೇಳದೆ ಮುಂದೆ ಹೋಗಿ, ಉಳ್ಳಾಗಡ್ಡಿಯನ್ನು ಅಂಗಾಲಿನಿಂದ ಒತ್ತಿ ನಿಲ್ಲಿಸಿ, ಪಾದದ ಒಳಬದಿಯಿಂದ ಮೆಲ್ಲಗೆ ತಳ್ಳಿ, ಗ್ಯಾಸ್ ಸಿಲಿಂಡರಿಗೂ ಅಕ್ಕಿ ಡಬ್ಬಿಗೂ ನಡುವಿನ ಸಂದಿಯೊಳಗೆ ಸೇರಿಸಿಬಿಟ್ಟಿತು.

ಪಡಸಾಲೆಯಲ್ಲಿ ಪೇಪರು ಓದುತ್ತಿದ್ದ ನಮ್ಮ ಮನೆಯವರು ಕನ್ನಡಕದ ಮೇಲಿನಿಂದ ಇದನ್ನು ನೋಡಿದರು.

“ಅಂತೂ ಚಿತ್ತವಾಡ್ಗಿಯವ್ರು ಒಂದು ಗೋಲ್ ಹೊಡದ್ರಪಾ,” ಎಂದು ಹೇಳಿ ಮತ್ತೆ ಪೇಪರಿನೊಳಗೆ ಮುಳುಗಿದರು.

ಮದುವೆಯಾದಂದಿನಿಂದ ಈ ಮನುಷ್ಯ ಇಂಥ ಒಂದು ಅವಕಾಶವನ್ನೂ ಬಿಟ್ಟುಕೊಟ್ಟವರಲ್ಲ. ಬೇರೆಲ್ಲ ವಿಷಯದಲ್ಲಿ ದೇವರಂಥವರು. ಆದರೆ ಅವರದು ಕಂಪ್ಲಿ, ನನ್ನದು ಹೊಸಪೇಟೆಯ ಚಿತ್ತವಾಡ್ಗಿ. ನಡುವೆ ಕಮಲಾಪುರದ ಬಾಳೆತೋಟ, ಕಬ್ಬಿನ ಗದ್ದೆ, ಒಂದಿಷ್ಟು ಬಸ್ ದಾರಿ. ಮೈಲಿಯ ಲೆಕ್ಕದಲ್ಲಿ ದೂರವೆಂದರೆ ಅಷ್ಟೇ. ಫುಟ್‌ಬಾಲಿನ ಲೆಕ್ಕದಲ್ಲಿ ಮಾತ್ರ ಅದು ಎರಡು ದೇಶಗಳ ನಡುವಿನ ದೂರ. ಆ ಗಡಿಯನ್ನು ದಾಟಲು ವೀಸಾ ಇಲ್ಲದೆ ಇಷ್ಟು ವರ್ಷ ಒದ್ದಾಡಿದವಳು ನಾನು.

ನಮ್ಮಪ್ಪ ಲಾರಿ ಗ್ಯಾರೇಜೊಂದರಲ್ಲಿ ಲೇತ್ ಮಷೀನಿನ ಮೇಲೆ ಕೆಲಸ ಮಾಡುತ್ತಿದ್ದ. ಸಂಡೂರಿನ ಗಣಿಗಳಿಂದ ಅದಿರು ಹೊತ್ತು ತರುವ ಲಾರಿಗಳ ಸವೆದ ಸಾಮಾನುಗಳನ್ನು ಹಗಲೆಲ್ಲ ಸರಿಮಾಡುತ್ತಿದ್ದ. ಸಂಜೆಯಾದರೆ ಚಿತ್ತವಾಡ್ಗಿ ಬಾಯ್ಸ್. ಆ ತಂಡಕ್ಕೆ ಕೋಚು, ಕಾರ್ಯದರ್ಶಿ, ಡಾಕ್ಟರು, ಚೆಂಡಿಗೆ ಗಾಳಿ ತುಂಬುವವನು, ಎಲ್ಲವೂ ಆತನೇ. ಗೋಲಿನ ಕಂಬಗಳನ್ನೂ ಗ್ಯಾರೇಜಿನ ಹಳೆಯ ಪೈಪುಗಳಿಂದ ಆತನೇ ಬೆಸೆದಿದ್ದ. ಎರಡು ಕಂಬಗಳಲ್ಲಿ ಒಂದು ತುಸು ಗಿಡ್ಡವಾಗಿ, ಮೇಲಿನ ಅಡ್ಡ ಪೈಪು ಓರೆಯಾಗಿತ್ತು. ಬೇರೆ ಊರಿನವರು ತಕರಾರು ತೆಗೆದರೆ ಅಪ್ಪ, “ಗೋಲ್ ಹೊಡಿಯಾಕ ಬಂದೀರೋ, ಮನಿ ಕಟ್ಟಾಕ ಬಂದೀರೋ?” ಎಂದು ಬಾಯಿ ಮುಚ್ಚಿಸುತ್ತಿದ್ದ.

‘ಬಾಯ್ಸ್’ ಎಂದು ಹೆಸರಿಟ್ಟಾಗ ತಂಡದಲ್ಲಿದ್ದವರೆಲ್ಲ ನಿಜವಾಗಿಯೂ ಹುಡುಗರೇ. ಆಮೇಲೆ ಅವರಿಗೆ ಮೀಸೆ ಬಂತು, ಮದುವೆಯಾಯಿತು, ಹೊಟ್ಟೆ ಬಂತು, ಕೆಲವರಿಗೆ ಸಕ್ಕರೆ ಕಾಯಿಲೆಯೂ ಬಂತು. ಬಾಯ್ಸ್ ಬಾಯ್ಸ್ ಆಗಿಯೇ ಉಳಿದರು. ಕ್ಯಾಪ್ಟನ್ನಿಗೆ ಮೊಮ್ಮಗ ಹುಟ್ಟಿದಾಗ ಇಡೀ ಮೈದಾನಕ್ಕೆ ಪೇಡೆ ಹಂಚಿ, ಮರುದಿನ ಸೆಂಟರ್ ಫಾರ್ವರ್ಡ್ ಆಗಿ ಆಡಿದ. ಹೊಸಬರನ್ನು ಸೇರಿಸಿಕೊಳ್ಳಿ ಎಂದು ಯಾರಾದರೂ ಹೇಳಿದರೆ, “ಅನುಭವ ಬೇಕ್ರಿ ಇದಕ್ಕ,” ಎನ್ನುತ್ತಿದ್ದರು. ಸುಳ್ಳಲ್ಲ. ಸೋಲುವುದರಲ್ಲಿ ಅವರಿಗಿದ್ದಷ್ಟು ಅನುಭವ ಸುತ್ತ ನಾಲ್ಕು ತಾಲೂಕಿನಲ್ಲಿ ಯಾರಿಗೂ ಇರಲಿಲ್ಲ.

ಮೈದಾನದ ಪಕ್ಕದಲ್ಲೇ ಅದಿರಿನ ಲಾರಿಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ನಮ್ಮವರದು ಬಿಳಿ ಅಂಗಿ. ಎದುರಿನವರದು ಹಸಿರೋ ನೀಲಿಯೋ ಇರುತ್ತಿತ್ತು. ಮೊದಲರ್ಧ ಮುಗಿಯುವ ಹೊತ್ತಿಗೆ ಎಲ್ಲರೂ ಒಂದೇ ಬಣ್ಣ. ಅಂಗಿ ಕೆಂಪು, ಮುಖ ಕೆಂಪು, ರೆಫರಿಯ ತಲೆಗೂದಲೂ ಕೆಂಪು. ಆಮೇಲೆ ಯಾರು ಯಾರಿಗೆ ಚೆಂಡು ಕೊಡುತ್ತಿದ್ದಾರೆ ಎಂಬುದು ದೇವರಿಗೇ ಗೊತ್ತು. ನಮ್ಮವರು ಗೆದ್ದ ಕೆಲವೇ ಪಂದ್ಯಗಳನ್ನೆಲ್ಲ ದ್ವಿತೀಯಾರ್ಧದಲ್ಲೇ ಗೆದ್ದರು ಎಂಬುದನ್ನು ಇಲ್ಲಿ ಹೇಳಿದರೆ ಅಪ್ಪನಿಗೆ ಸಿಟ್ಟು ಬರುತ್ತದೆ.

ಸೋತ ಮೇಲೆ ಸಂಕಟಪಡುವುದು ಬೇರೆ ಊರಿನವರ ಪದ್ಧತಿ. ಹೊಸಪೇಟೆಯವರಿಗೆ ಹಂಪಿ ಇದೆ. ಪಂದ್ಯ ಮುಗಿದು, ಒಗ್ಗಾಣಿ ಮಿರ್ಚಿಯ ತಟ್ಟೆ ಕೈಗೆ ಬಂದ ಕೂಡಲೇ ಯಾರಾದರೊಬ್ಬರು ಶುರು ಮಾಡುತ್ತಿದ್ದರು: “ಮುತ್ತು ರತ್ನ ಸೇರಿನಾಗ ಅಳದು ಮಾರಿದ ಊರಪಾ ನಮ್ದು. ಅಂಥಾ ಸಾಮ್ರಾಜ್ಯನ ಬಿತ್ತು. ಒಂದು ಮ್ಯಾಚ್ ಬಿದ್ದರ ಏನಾತು?” ಎಲ್ಲರೂ ತಲೆಯಾಡಿಸುತ್ತಿದ್ದರು. ಸಾಮ್ರಾಜ್ಯಕ್ಕೆ ಬಂದ ಗತಿಯೇ ತಮಗೂ ಬಂತಲ್ಲ ಎಂಬ ಹೆಮ್ಮೆಯಲ್ಲಿ ಇನ್ನೊಂದು ಪ್ಲೇಟು ಮಿರ್ಚಿ ಹೋಗುತ್ತಿತ್ತು. ಇದಕ್ಕೆ ಕಂಪ್ಲಿಯವರ ಬಳಿ ಉತ್ತರವಿತ್ತು. “ನಿಮ್ಮ ಹಂಪಿ ಹುಟ್ಟೂಕಿಂತ ಮೊದ್ಲ ನಮ್ಮಲ್ಲಿ ರಾಜ್ಯ ಇತ್ರೀ. ಮೊದ್ಲು ಬಿದ್ದವ್ರು ನಾವು.” ಹೀಗೆ ಯಾರು ಮೊದಲು ಬಿದ್ದರು ಎಂಬುದರ ಮೇಲೆ ಎರಡು ಊರುಗಳು ಜಗಳವಾಡಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ.

ಹಂಪಿಯ ಪ್ರಸ್ತಾಪ ಬಂತಲ್ಲ, ಒಂದು ಹೇಳಿಬಿಡುತ್ತೇನೆ. ನಾನು ಕಾಲೇಜಿನಲ್ಲಿದ್ದಾಗ, ಕಂಪ್ಲಿಯ ಕೋಟೆ ತಂಡದ ಮೇಲೆ ಒಮ್ಮೆಯಾದರೂ ಗೆಲ್ಲಲೇಬೇಕೆಂದು ನಮ್ಮವರು ಒಂದು ಗುಟ್ಟಿನ ಯೋಜನೆ ಹಾಕಿದರು. ಹಂಪಿಯಲ್ಲಿ ತಿರುಗಾಡುತ್ತಿದ್ದ ಒಬ್ಬ ಬಿಳಿಯ ಪ್ರವಾಸಿಯನ್ನು, ಚಹಾ ಕುಡಿಸಿ, ಆಟೋದಲ್ಲಿ ಕೂರಿಸಿ, ಚಿತ್ತವಾಡ್ಗಿಗೆ ಕರೆತಂದರು. ಬಿಳಿಯ ಎಂದ ಮೇಲೆ ಹುಟ್ಟುತ್ತಲೇ ಫುಟ್‌ಬಾಲ್ ಬರುತ್ತದೆ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಉದ್ದ ಜಟೆ, ಕೊರಳಲ್ಲಿ ರುದ್ರಾಕ್ಷಿ. ಅವನಿಗೆ ಬಿಳಿ ಅಂಗಿ ತೊಡಿಸಿ ಮುಂದೆ ನಿಲ್ಲಿಸಿದಾಗ ಕಂಪ್ಲಿಯವರ ಮುಖ ಸಣ್ಣದಾಯಿತು. ಚೆಂಡು ಅವನ ಹತ್ತಿರ ಬಂತು. ಅವನು ಅದಕ್ಕೆ ದಾರಿ ಬಿಟ್ಟು ಪಕ್ಕಕ್ಕೆ ಸರಿದ. ಮತ್ತೆ ಬಂತು, ಮತ್ತೆ ಸರಿದ. ಬಿಸಿಲು ಏರಿದ ಮೇಲೆ ಮೈದಾನದ ನಟ್ಟನಡುವೆ ಪದ್ಮಾಸನ ಹಾಕಿ ಕಣ್ಣು ಮುಚ್ಚಿ ಕುಳಿತುಬಿಟ್ಟ. ಉಳಿದ ಆಟವನ್ನು ಎರಡೂ ತಂಡದವರು ಅವನ ಸುತ್ತಲೇ ಆಡಿ ಮುಗಿಸಿದರು. ನಾವು ಸೋತೆವು. “ಅವ ಮುನಿ ಇದ್ದಾನಪಾ, ನಮ್ಮ ಪುಣ್ಯ, ನಮ್ಮ ಗ್ರೌಂಡಿಗೆ ಬಂದ,” ಎಂದು ಕ್ಯಾಪ್ಟನ್ ಹೇಳಿದ ಮೇಲೆ ಅವನಿಗೂ ಮಿರ್ಚಿ ಕೊಡಿಸಿ ಕಳಿಸಿದರು.

ಇಂಥ ತಂಡದ ಮನೆಯ ಮಗಳನ್ನು ನೋಡಲು ಒಂದು ದಿನ ಕಂಪ್ಲಿಯ ರೈಸ್ ಮಿಲ್ಲಿನವರು ಬಂದರು. ಮಿಲ್ಲಿನ ಒಂದು ಶಾಫ್ಟು ಮುರಿದಾಗ ಅಪ್ಪ ಹೋಗಿ ಸರಿಮಾಡಿ ಬಂದಿದ್ದ. ಆ ಪರಿಚಯದಿಂದ ಬಂದ ಸಂಬಂಧ. ನನ್ನ ಅತ್ತೆಯಾಗುವವರು, “ಅಡಿಗಿ ಎಲ್ಲಾ ಬರ್ತತೇನವಾ?” ಎಂದು ನನ್ನನ್ನು ಕೇಳಿದರು. ಬರುತ್ತದೆ ಎಂದೆ. ಆಗ ಅಪ್ಪ ಹುಡುಗನ ಕಡೆ ತಿರುಗಿ, ಹುಡುಗನ ಕಡೆಯವರನ್ನು ಹೆಣ್ಣಿನ ಕಡೆಯವರು ಕೇಳಬೇಕಾದ ಎಲ್ಲ ಪ್ರಶ್ನೆಗಳನ್ನು ಬಿಟ್ಟು, “ಫುಟ್‌ಬಾಲ್ ನೋಡ್ತೀರೇನ್ರಿ?” ಎಂದ.

“ನೋಡೂದೇನ್ರಿ, ಕೋಟೆ ತಂಡಕ್ಕ ನಾನ ಸೆಕ್ರೆಟ್ರಿ,” ಎಂದರು ಹುಡುಗ, ಬಹಳ ಉತ್ಸಾಹದಿಂದ.

ಅಪ್ಪನ ಮುಖ ನೋಡುವಂತಿರಲಿಲ್ಲ. ಅವರು ಹೋದ ಮೇಲೆ ಅವ್ವ ಎಷ್ಟು ಹೇಳಿದರೂ ಆತ ಮೆತ್ತಗಾಗಲಿಲ್ಲ.

“ಹುಡುಗ ಕುಡಿಯಂಗಿಲ್ಲ, ಸೇದಂಗಿಲ್ಲ. ಇನ್ನೇನ್ ಬೇಕು ನಿಮಗ?” ಎಂದಳು ಅವ್ವ.

“ಕುಡೀತಿದ್ರ ಬಿಡಸಬಹುದಿತ್ತು,” ಎಂದ ಅಪ್ಪ. “ಕಂಪ್ಲಿ ಟೀಮ್ ಹೆಂಗ ಬಿಡಸ್ತಿ?”

ಕೊನೆಗೆ ಅವ್ವನೇ ಗೆದ್ದಳು. ನಮ್ಮ ಮನೆಯಲ್ಲಿ ಪಂದ್ಯ ಗೆಲ್ಲುವುದು ಗೊತ್ತಿದ್ದದ್ದು ಅವಳೊಬ್ಬಳಿಗೇ. ಮದುವೆಯ ದಿನ, ಅಕ್ಕಿಕಾಳು ಬಿದ್ದಾದ ಮೇಲೆ ಅಪ್ಪ ಅಳಿಯನ ಕೈ ಹಿಡಿದುಕೊಂಡ. ಎಲ್ಲರೂ ಕಣ್ಣೊರೆಸಿಕೊಳ್ಳಲು ಸಿದ್ಧರಾದರು. “ನೋಡ್ರಿ, ನನ್ನ ಮಗಳು ಕಂಪ್ಲಿಗೆ ಬರ್ತಾಳ. ಕಂಪ್ಲಿ ಟೀಮಿಗಲ್ಲ,” ಎಂದ.

ಹಾಗೆ ಹೇಳಿದ್ದೇನೋ ಸರಿ. ಆದರೆ ಮೊದಲ ಸಲ ತವರಿಗೆ ಹೋದಾಗಲೇ ನನಗೆ ಸತ್ಯ ತಿಳಿಯಿತು. ಅಪ್ಪ ಮತ್ತು ನನ್ನ ತಮ್ಮ ಬಸವರಾಜ ಊಟಕ್ಕೆ ಕುಳಿತು, ತಲೆಗೆ ತಲೆ ಹಚ್ಚಿ ಏನೋ ಮಾತಾಡುತ್ತಿದ್ದರು. ಬಸವರಾಜ ಆಗಷ್ಟೇ ತಂಡದ ಗೋಲ್‌ಕೀಪರ್ ಆಗಿದ್ದ. ನಾನು ರೊಟ್ಟಿ ತಂದಿಟ್ಟ ಕೂಡಲೇ ಅಪ್ಪ ಗಂಟಲು ಸರಿಮಾಡಿಕೊಂಡು, “ಈ ಸಲ ಡ್ಯಾಮಿಗೆ ನೀರು ಚೊಲೋ ಬಂದೈತಂತ,” ಎಂದ. ನಾನು ಒಳಗೆ ಹೋದೆ, ಪಿಸುಮಾತು ಶುರುವಾಯಿತು. ಪಲ್ಯ ತಂದೆ, ಮತ್ತೆ ಡ್ಯಾಮು ತುಂಬಿತು.

“ಅಪ್ಪಾ, ನಾನು ನಿನ್ನ ಮಗಳು,” ಎಂದೆ.

“ಮಗಳು ಹೌದವಾ. ಆದ್ರ ಅಕ್ಕಿ ಕಂಪ್ಲೀದು ಉಣ್ತಿ.”

ನಗುತ್ತಲೇ ಹೇಳಿದ. ನಾನೂ ನಕ್ಕೆ. ನೀರು ಕುಡಿಯುವ ನೆವದಿಂದ ಹಿತ್ತಲಿಗೆ ಹೋಗಿ ಬಹಳ ಹೊತ್ತು ನಿಂತೆ. ಹುಟ್ಟಿದಾಗಿನಿಂದ ಆ ಚೆಂಡಿನ ಜೊತೆ ಬೆಳೆದವಳು ನಾನು. ಅದಕ್ಕೆ ಗಾಳಿ ತುಂಬುವಾಗ ಒತ್ತಿ ಹಿಡಿದವಳು, ಅದರ ಹೊಲಿಗೆ ಬಿಚ್ಚಿದಾಗ ದಬ್ಬಣ ತಂದುಕೊಟ್ಟವಳು. ಮದುವೆಯಾದ ಹೆಣ್ಣು ಹೆಸರು ಬಿಡಬೇಕು, ಮನೆ ಬಿಡಬೇಕು ಎಂದೆಲ್ಲ ಹಿರಿಯರು ಹೇಳಿ ಕಳಿಸಿದ್ದರು. ಫುಟ್‌ಬಾಲ್ ಬಿಡಬೇಕು ಎಂದು ಮೊದಲೇ ಹೇಳಿದ್ದರೆ ನಾನು ಇನ್ನೊಂದು ಸಲ ಯೋಚನೆ ಮಾಡುತ್ತಿದ್ದೆನೋ ಏನೋ.

ಕಂಪ್ಲಿಯಲ್ಲಾದರೂ ನನ್ನನ್ನು ನಂಬಿದರೇ? ಇಲ್ಲ. ತಂಡದ ವಿಷಯಕ್ಕೆ ಫೋನು ಬಂದರೆ ನಮ್ಮ ಮನೆಯವರು ಮಾಳಿಗೆ ಹತ್ತುತ್ತಿದ್ದರು. ಆಟಗಾರರು ಮನೆಗೆ ಬಂದರೆ ಅತ್ತೆ, “ಗಿರಿಜಾ, ಒಳಗ ಹಾಲು ಉಕ್ಕೈತೇನು ನೋಡು,” ಎನ್ನುತ್ತಿದ್ದರು. ಒಲೆಯ ಮೇಲೆ ಹಾಲೇ ಇರುತ್ತಿರಲಿಲ್ಲ. ಹೀಗೆ ಎರಡು ಮನೆಗಳಲ್ಲೂ ನಾನು ಗೂಢಚಾರಿಣಿ. ಅಷ್ಟಕ್ಕೂ ಆ ಗುಟ್ಟಾದರೂ ಏನು? ಬಾಗಿಲ ಸಂದಿಯಿಂದ ನಾನು ಎರಡೂ ಕಡೆಯದನ್ನು ಕೇಳಿಸಿಕೊಂಡಿದ್ದೇನೆ, ಈಗ ಬಹಿರಂಗಪಡಿಸುತ್ತೇನೆ. ಚೆಂಡು ಮುಂದೆ ಹೋದರೆ ಎಲ್ಲರೂ ಮುಂದೆ ಓಡುವುದು. ಚೆಂಡು ಹಿಂದೆ ಬಂದರೆ ಎಲ್ಲರೂ ಹಿಂದೆ ಓಡುವುದು. ಎರಡೂ ತಂಡಗಳ ತಂತ್ರ ಇದೇ ಆಗಿತ್ತು.

ಎರಡೂ ಊರಿನ ನಡುವೆ ಪಂದ್ಯವಿದ್ದಾಗ ನಾನು ಅತ್ತೆಯ ಪಕ್ಕ ಕುಳಿತು ನೋಡಬೇಕಿತ್ತು. ಕಂಪ್ಲಿ ಗೋಲು ಹೊಡೆದಾಗ ನಾಲ್ಕು ಜನರಂತೆ ಚಪ್ಪಾಳೆ ತಟ್ಟುತ್ತಿದ್ದೆ, ಎರಡು ಬೆರಳಿನಿಂದ. ಅಪರೂಪಕ್ಕೆ ಚಿತ್ತವಾಡ್ಗಿ ಹೊಡೆದುಬಿಟ್ಟರೆ ಕೂಗು ಗಂಟಲಿನ ತನಕ ಬಂದುಬಿಡುತ್ತಿತ್ತು. ಸೆರಗು ಬಾಯಿಗೊತ್ತಿ ಅದನ್ನು ಕೆಮ್ಮಾಗಿ ತಿರುಗಿಸುತ್ತಿದ್ದೆ. ತವರಿನ ಸಂತೋಷವನ್ನೆಲ್ಲ ನಾನು ಕೆಮ್ಮಿಯೇ ಕಳೆದವಳು. ಪಾಪ, ಅತ್ತೆ ಮನೆಗೆ ಹೋದ ಮೇಲೆ ಶುಂಠಿ ಕಷಾಯ ಮಾಡಿಕೊಡುತ್ತಿದ್ದರು. “ಈಕಿಗೆ ಗ್ರೌಂಡಿನ ಧೂಳು ಆಗಿಬರಂಗಿಲ್ಲ,” ಎಂದು ಓಣಿಯಲ್ಲೆಲ್ಲ ಹೇಳಿದ್ದರು.

ಇದರ ಮೇಲೆ ಸರಕಾರವೂ ಕೈ ಹಾಕಿತು. ನಾನು ಮದುವೆಯಾಗಿ ಬಂದಾಗ ಕಂಪ್ಲಿ ಹೊಸಪೇಟೆ ತಾಲೂಕಿನಲ್ಲೇ ಇತ್ತು. ಆಮೇಲೆ ಅದೇ ಒಂದು ತಾಲೂಕಾಯಿತು. ಆಮೇಲೆ ಜಿಲ್ಲೆ ಒಡೆದು ಹೊಸಪೇಟೆ ವಿಜಯನಗರ ಜಿಲ್ಲೆಗೆ ಹೋಯಿತು, ಕಂಪ್ಲಿ ಬಳ್ಳಾರಿಯಲ್ಲೇ ಉಳಿಯಿತು. ನಾನು ಕುಳಿತಲ್ಲೇ ಕುಳಿತಿದ್ದೆ. ತವರು ಮಾತ್ರ ಆದೇಶದ ಮೇಲೆ ಆದೇಶ ಹಿಡಿದುಕೊಂಡು ದೂರ ಹೋಗುತ್ತಲೇ ಇತ್ತು. ಫೋನು ಮಾಡಿದಾಗ ಅಪ್ಪ, “ಈಗ ನೀ ಬ್ಯಾರೆ ಜಿಲ್ಲಾದಾಕಿ ಆದಿ ನೋಡವಾ,” ಎಂದ. ಅವನ ದನಿಯಲ್ಲಿ ದುಃಖವಿತ್ತೋ, ಇನ್ನು ಮೇಲೆ ಪ್ರತಿ ಪಂದ್ಯವೂ ಅಂತರ್‌ಜಿಲ್ಲಾ ಪಂದ್ಯವಾಗುತ್ತದೆಂಬ ಖುಷಿಯಿತ್ತೋ, ನನಗೆ ತಿಳಿಯಲಿಲ್ಲ.

ಅದಾದ ಮೇಲೆಯೇ ಸಂಡೂರಿನ ಟೂರ್ನಮೆಂಟು ಬಂದದ್ದು. ಅಲ್ಲಿನ ಗುತ್ತಿಗೆದಾರರೊಬ್ಬರು ತಮ್ಮ ತಂದೆಯ ನೆನಪಿಗೆ ಏರ್ಪಡಿಸಿದ್ದರು. ಬ್ಯಾನರಿನಲ್ಲಿ ಗುತ್ತಿಗೆದಾರರ ಫೋಟೊ ಬಾಗಿಲಿನಷ್ಟು ದೊಡ್ಡದು, ತಂದೆಯದು ಕಿಟಕಿಯಷ್ಟು, ಚೆಂಡು ಲಿಂಬೆಹಣ್ಣಿನಷ್ಟು. ಬೇರೆ ಬೇರೆ ಊರಿನ ತಂಡಗಳು ಬಂದವು, ಹೋದವು. ಒಂದು ತಂಡದ ಬಸ್ಸು ಕೆಟ್ಟು ಬರಲಿಲ್ಲ, ಇನ್ನೊಂದರಲ್ಲಿ ಅರ್ಧ ಜನ ಮದುವೆಗೆ ಹೋಗಿದ್ದರು. ಹೀಗೆ ದೇವರ ದಯೆಯಿಂದ ಚಿತ್ತವಾಡ್ಗಿ ಬಾಯ್ಸ್ ಫೈನಲ್ ತಲುಪಿದರು. ಎದುರಿಗೆ ಕಂಪ್ಲಿ ಕೋಟೆ ತಂಡ.

ನಮ್ಮ ಮನೆಯವರು ಈಗ ಕೋಟೆ ತಂಡದ ಅಧ್ಯಕ್ಷರು. ಅವರಿಗೆ ವೇದಿಕೆಯ ಮೇಲೆ ಕುರ್ಚಿ. ವೇದಿಕೆಯ ಮೇಲೆ ಒಬ್ಬ ಮಹಿಳೆಯಾದರೂ ಇರಬೇಕೆಂದು ಗುತ್ತಿಗೆದಾರರಿಗೆ ಕೊನೆಯ ಗಳಿಗೆಯಲ್ಲಿ ಹೊಳೆದು, ಹೆಂಗಸರ ಸಾಲಿನಲ್ಲಿ ಅತ್ತೆಯ ಪಕ್ಕ ಕುಳಿತಿದ್ದ ನನ್ನನ್ನು ಎಬ್ಬಿಸಿ ತಂದರು. “ಮೇಡಂ, ಕಪ್ ನೀವ ಕೊಡಬೇಕು,” ಎಂದರು. ನೆರಳಿರುವುದು ಮರದ ಕೆಳಗೆ ಮಾತ್ರವಾದ್ದರಿಂದ ವೇದಿಕೆಯನ್ನು ಮೈದಾನದ ಮಧ್ಯಕ್ಕೆ ಹಾಕದೆ ಒಂದು ಮೂಲೆಗೆ, ಗೋಲಿನ ಕಂಬದ ಪಕ್ಕಕ್ಕೇ ಹಾಕಿದ್ದರು. ಮೊದಲು ಭಾಷಣಗಳಾದವು. ಆ ಬಿಸಿಲಿನಲ್ಲಿ ಎಲ್ಲರಿಗೂ ಶಾಲು ಹೊದಿಸಿದರು. ಆಟಗಾರರು ಸಾಲಾಗಿ ನಿಂತು ಬಾಡಿಹೋದ ಮೇಲೆ ಪಂದ್ಯ ಶುರುವಾಯಿತು.

ಮೈದಾನದ ಆಚೆ ಬದಿಯಲ್ಲಿ ಅಪ್ಪ ಕಂಡ. ಕೈಯಲ್ಲಿ ಕೋಲು, ಮನೆಯಿಂದಲೇ ಆಟೋದಲ್ಲಿ ಹಾಕಿಕೊಂಡು ತಂದ ಪ್ಲಾಸ್ಟಿಕ್ ಕುರ್ಚಿ. ಸಂಡೂರು ಬಳ್ಳಾರಿ ಜಿಲ್ಲೆಯಲ್ಲಿರುವುದರಿಂದ ಅಲ್ಲಿಯ ಕುರ್ಚಿಯ ಮೇಲೂ ಆತನಿಗೆ ನಂಬಿಕೆ ಇರಲಿಲ್ಲ. ಗೋಲಿನಲ್ಲಿ ಬಸವರಾಜ, ನಲವತ್ತು ದಾಟಿದವನು, ಅರೆಬೋಳು ತಲೆ, ಇನ್ನೂ ಬಾಯ್.

ಕಂಪ್ಲಿ ಮೊದಲು ಒಂದು ಗೋಲು ಹೊಡೆಯಿತು. ದ್ವಿತೀಯಾರ್ಧದಲ್ಲಿ ಯಾರೋ ಒದ್ದ ಚೆಂಡು ನಮ್ಮ ಕ್ಯಾಪ್ಟನ್ನಿನ ಬೆನ್ನಿಗೆ ಬಡಿದು ಒಳಗೆ ಹೋಯಿತು. ಕ್ಯಾಪ್ಟನ್ ಆಗ ಬಗ್ಗಿ ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದ. ಸಮ ಸಮ. ನಾನು ಶಾಲಿನೊಳಗೆ ಬಾಯಿ ಹುದುಗಿಸಿ ಎಷ್ಟು ಕೆಮ್ಮಿದೆನೆಂದರೆ ಗುತ್ತಿಗೆದಾರರು ನೀರು ತರಿಸಿದರು.

ಇನ್ನೇನು ಮುಗಿಯಬೇಕು, ಆಗ ಅದು ಆಯಿತು. ಕಂಪ್ಲಿಯ ಸೆಂಟರ್ ಫಾರ್ವರ್ಡ್ ಚೆಂಡನ್ನು ಬಿರುಸಾಗಿ ಒದ್ದ. ಅದು ವೇದಿಕೆಯ ಕಡೆಯ ಕಂಬದ ಪಕ್ಕದಲ್ಲಿ ಹಾದು, ಶೇಂಗಾ ಮಾರುವವನ ಬುಟ್ಟಿಗೆ ಹೋಗಿ ನಿಂತಿತು. ಗೋಲಿನ ಬಲೆ ಆ ಬದಿಯಲ್ಲಿ ಹರಿದಿತ್ತು. ಚೆಂಡು ಕಂಬದ ಒಳಗಿನಿಂದ ಹೋಗಿ ಹರಿದ ಬಲೆಯೊಳಗಿಂದ ಹೊರಬಿತ್ತೋ, ಕಂಬದ ಹೊರಗಿನಿಂದಲೇ ಹೋಯಿತೋ?

“ಗೋಲ್!” ಎಂದಿತು ಕಂಪ್ಲಿ. “ಔಟ್! ಔಟ್!” ಎಂದು ಬಸವರಾಜ ನೆಲದಿಂದಲೇ ಕೂಗಿದ. ಗೋಲಿನ ಹಿಂದೆ ನಿಂತ ಜನರನ್ನು ಕೇಳಿದರೆ ಕಂಪ್ಲಿಯ ಕಣ್ಣುಗಳಿಗೆ ಅದು ಒಳಗೆ ಹೋಗಿತ್ತು, ಹೊಸಪೇಟೆಯ ಕಣ್ಣುಗಳಿಗೆ ಹೊರಗೆ. ರೆಫರಿ ನಿವೃತ್ತರಾದ ಡ್ರಿಲ್ ಮಾಸ್ತರರು. ಇನ್ನೂ ಮೈದಾನದ ಮಧ್ಯದಲ್ಲಿ ಏದುಸಿರು ಬಿಡುತ್ತಿದ್ದರು. ಗೆರೆ ಕಾಯಬೇಕಾದವನು ನೀರು ಕುಡಿಯಲು ಹೋಗಿದ್ದ. ಒಬ್ಬರ ಅಂಗಿಯ ಕೊರಳಪಟ್ಟಿ ಇನ್ನೊಬ್ಬರ ಕೈಗೆ ಬಂದಾಗ ರೆಫರಿ ವೇದಿಕೆಯ ಹತ್ತಿರ ಓಡಿಬಂದರು.

“ನೀವು ಇಲ್ಲೇ ಇದ್ರಲ್ಲಾ, ಯಾರರ ನೋಡೀರೇನ್ರಿ?”

ಗುತ್ತಿಗೆದಾರರು ಫೋನಿನಲ್ಲಿದ್ದರು. ನಮ್ಮ ಮನೆಯವರು ಮುಂದೆ ಮಾಡಬೇಕಾದ ವಂದನಾರ್ಪಣೆಯನ್ನು ಮನಸ್ಸಿನಲ್ಲೇ ಬಾಯಿಪಾಠ ಮಾಡುತ್ತ ಕಣ್ಣು ಮುಚ್ಚಿದ್ದರು. ನೋಡಿದವಳು ನಾನೊಬ್ಬಳೇ.

“ಮೇಡಂ ನೋಡ್ಯಾರ. ಮೇಡಂ ಹೇಳ್ಲಿ,” ಎಂದರು ಗುತ್ತಿಗೆದಾರರು, ಜಗಳ ತಮ್ಮ ತಲೆಯಿಂದ ಇಳಿದ ಸಮಾಧಾನದಿಂದ.

“ಹೇಳ್ಲಿ!” ಎಂದರು ಕಂಪ್ಲಿಯವರು. ಅಧ್ಯಕ್ಷರ ಹೆಂಡತಿಯಲ್ಲವೇ. “ಹೇಳ್ಲಿ, ಹೇಳ್ಲಿ!” ಎಂದರು ಚಿತ್ತವಾಡ್ಗಿಯವರು. ಕೋಚಿನ ಮಗಳು, ಕೀಪರಿನ ಅಕ್ಕ. ಎರಡು ಊರು ಒಟ್ಟಿಗೆ ನನ್ನನ್ನು ನಂಬಿದ್ದು ಅದೇ ಮೊದಲು. ಯಾರೋ ಮೈಕು ತಂದು ಕೈಗಿತ್ತರು.

ಚಿಕ್ಕವಳಿದ್ದಾಗ ಅಭ್ಯಾಸದ ಹೊತ್ತಿನಲ್ಲಿ ಅಪ್ಪ ನನ್ನನ್ನು ಗೋಲಿನ ಕಂಬದ ಪಕ್ಕ ನಿಲ್ಲಿಸುತ್ತಿದ್ದ. “ಯಾರು ಒದ್ದದ್ದು ಅಂತ ನೋಡಬ್ಯಾಡ. ಗೆರಿ ದಾಟಿತೋ ಇಲ್ಲೋ, ಅಷ್ಟ ನೋಡು,” ಎನ್ನುತ್ತಿದ್ದ. ಇಂಥ ಮಾತುಗಳನ್ನು ಮಕ್ಕಳಿಗೆ ಹೇಳಿಕೊಡಬಾರದು. ಅವು ಬೇಡವಾದ ಹೊತ್ತಿನಲ್ಲಿ ಬಂದು ಗಂಟಲಲ್ಲಿ ಕೂರುತ್ತವೆ. ನಾನು ಅಪ್ಪನ ಕಡೆ ನೋಡಿದೆ. ಅಷ್ಟು ದೂರದಿಂದ ಮುಖ ಕಾಣಲಿಲ್ಲ. ಎರಡು ಕೈಯೂ ಕೋಲಿನ ಮೇಲಿದ್ದದ್ದು ಕಂಡಿತು. ಬಸವರಾಜ ಮಂಡಿಯ ಮೇಲೆ ಕುಳಿತು ನನ್ನನ್ನೇ ನೋಡುತ್ತಿದ್ದ.

“ಗೋಲ್ ಆಗೈತ್ರಿ,” ಎಂದೆ. “ಬಾಲ್ ಒಳಗ ಹೋಗಿ, ಹರದ ನೆಟ್ಟಿನಾಗಿಂದ ಹೊರಗ ಬಂತು.”

ರೆಫರಿ ಗೋಲೆಂದು ಕೊಟ್ಟು, ಕೊನೆಯ ಸೀಟಿಯನ್ನೂ ಊದಿದರು. ಕಂಪ್ಲಿಯ ಡೊಳ್ಳು ಶುರುವಾಯಿತು. ಅತ್ತೆ ಹೆಂಗಸರ ಸಾಲಿನಿಂದ ಎದ್ದು ಬಂದು, ವೇದಿಕೆ ಹತ್ತಿ, ನನ್ನ ಗಲ್ಲ ಹಿಡಿದು ನೆಟಿಗೆ ಮುರಿದರು. “ನಮ್ಮನಿ ಸೊಸಿ ಅಂದ್ರ ಹಿಂಗಿರಬೇಕು ನೋಡ್ರಿ!” ಆಚೆ ಬದಿಯಿಂದ ಚಿತ್ತವಾಡ್ಗಿಯ ಹಿರಿಯರೊಬ್ಬರ ದನಿ ಸ್ಪಷ್ಟವಾಗಿ ಕೇಳಿಸಿತು: “ಹೆಣ್ಮಕ್ಕಳನ್ನ ಕಂಪ್ಲಿಗೆ ಕೊಡಬ್ಯಾಡ್ರಲೇ ಅಂತ ನಾ ಅವಾಗ ಬಡಕೊಂಡೆ.” ಬಸವರಾಜ ಕೈಗವಸು ಬಿಚ್ಚಿ ನೆಲಕ್ಕೆ ಎಸೆದು ಅಪ್ಪನ ಕುರ್ಚಿಯ ಕಡೆ ಹೋದ.

ಕಪ್ಪನ್ನು ನಾನೇ ಕಂಪ್ಲಿಯ ಕ್ಯಾಪ್ಟನ್ನಿಗೆ ಕೊಟ್ಟೆ. ಅದು ಅವನಿಗಿಂತ ಎತ್ತರವಾಗಿತ್ತು. ಅದರ ಹಿಂದೆ ಯಾರಿದ್ದಾರೆ ಎಂದೇ ಕಾಣಲಿಲ್ಲ. ಆಮೇಲೆ ನಮ್ಮ ಮನೆಯವರು ವಂದನಾರ್ಪಣೆಗೆ ನಿಂತರು. ಗುತ್ತಿಗೆದಾರರು, ಅವರ ತಂದೆ, ಶಾಮಿಯಾನದವರು, ಶಾಲಿನವರು ಎಲ್ಲರಿಗೂ ವಂದಿಸಿ ಕೊನೆಗೆ ದನಿ ನಡುಗಿಸಿ, “ತವರಿನ ವ್ಯಾಮೋಹವನ್ನು ತ್ಯಜಿಸಿ, ಕೊಟ್ಟ ಮನೆಯ ಕೀರ್ತಿಯನ್ನು ಎತ್ತಿಹಿಡಿದ ನನ್ನ ಧರ್ಮಪತ್ನಿಗೆ” ಎಂದರು. ಚಪ್ಪಾಳೆಯ ಮಳೆಯಾಯಿತು. ಮಾತು ಮುಗಿಸಿ ಮೈಕನ್ನು ನಮ್ಮಿಬ್ಬರ ನಡುವಿನ ಮೇಜಿನ ಮೇಲಿಟ್ಟು ಕುಳಿತರು.

ಅಲ್ಲಿಯ ತನಕ ತಡೆದುಕೊಂಡಿದ್ದೆ. ಇನ್ನು ಆಗಲಿಲ್ಲ.

“ನಾ ಏನು ತ್ಯಜಿಸೀನ್ರಿ?” ಎಂದು ಅವರ ಕಡೆ ತಿರುಗಿದೆ. “ಬಾಲ್ ಹೊರಗ ಹೋಗ್ಲಿ, ನಮ್ಮ ಬಸ್ಯಾನ ಕೈಗಿ ಸಿಗ್ಲಿ, ಇಲ್ಲಾಂದ್ರ ಒದ್ದವನ ಕಾಲಾದ್ರೂ ಉಳುಕ್ಲಿ ಅಂತ ಕಂಡ ಕಂಡ ದೇವರನ್ನೆಲ್ಲಾ ಬೇಡಿಕೊಂಡೀನಿ. ನನ್ನ ನಸೀಬು, ಒಳಗ ಹೋತು. ಹೋತು ಅಂದೆ. ನಾನು ಅಂದೂ ಚಿತ್ತವಾಡ್ಗಿ, ಇಂದೂ ಚಿತ್ತವಾಡ್ಗಿ!”

ಮೈಕು ಆಫ್ ಆಗಿರಲಿಲ್ಲ. ನನ್ನ ಮಾತು ನಾಲ್ಕು ದಿಕ್ಕಿನ ಸ್ಪೀಕರುಗಳಿಂದ ಹೊರಟು, ಸುತ್ತಲಿನ ಗುಡ್ಡಗಳಿಗೆ ಬಡಿದು, ‘ಚಿತ್ತವಾಡ್ಗಿ, ಚಿತ್ತವಾಡ್ಗಿ’ ಎಂದು ಮರಳಿ ಬಂತು. ಡೊಳ್ಳು ನಿಂತಿತು. ಅತ್ತೆ ತೆರೆದ ಬಾಯಿ ಮುಚ್ಚಲಿಲ್ಲ. ಪಾಪ, ನಮ್ಮ ಮನೆಯವರು ಮೈಕನ್ನು ಹುಡುಕಿ ಆಫ್ ಮಾಡಲು ಹೋಗಿ ಅದರ ವಾಲ್ಯೂಮು ಹೆಚ್ಚಿಸಿದರು.

ಕಂಪ್ಲಿಗೆ ಬೇಡವಾಗಿ, ಚಿತ್ತವಾಡ್ಗಿಗೂ ಬೇಡವಾಗಿ, ನಾನು ಶಾಲು ತೆಗೆದಿಟ್ಟು ವೇದಿಕೆಯಿಂದಿಳಿದೆ. ಕಾಲು ತಾನೇ ಮೈದಾನ ದಾಟಿಸಿ ಅಪ್ಪನ ಕುರ್ಚಿಯ ಹತ್ತಿರ ತಂದು ನಿಲ್ಲಿಸಿತು. ಬಾಯ್ಸ್ ಅಲ್ಲಿಯೇ ನೆಲದ ಮೇಲೆ ಕುಳಿತಿದ್ದರು; ಒಬ್ಬೊಬ್ಬರಾಗಿ ಮುಖ ತಿರುಗಿಸಿದರು.

“ಕುಂದ್ರು,” ಎಂದ ಅಪ್ಪ.

ಕುಳಿತೆ. ಬಸವರಾಜನಿಗೆ ತಡೆಯಲಾಗಲಿಲ್ಲ. “ಅಕ್ಕಾ, ಎಲ್ಲಾ ಬಿಟ್ಟು ಮೈಕಿನಾಗ ಹಂಗ್ಯಾಕ ಹೇಳಿದಿ? ಔಟ್ ಇತ್ತಲ್ಲ ಅದು.”

“ಸುಮ್ನಿರಲೇ,” ಎಂದ ಅಪ್ಪ. “ಗೋಲ್ ಅದು. ಕಂಬದಿಂದ ಒಂದು ಮೊಳ ಒಳಗ ಹೋಗೈತಿ. ನಾನೂ ನೋಡೀನಿ.”

“ನೀನೂ ನೋಡೀ? ಮತ್ತ್ಯಾಕ ಸುಮ್ನಿದ್ದಿ?”

“ನನ್ನ ಯಾರು ಕೇಳಿದ್ರು?”

ನನಗೆ ನಗು ಬಂತು, ಅದರ ಹಿಂದೆಯೇ ಕಣ್ಣಲ್ಲಿ ನೀರೂ ಬಂತು. “ಕೇಳಿದ್ರ ಏನ್ ಹೇಳ್ತಿದ್ದಿ ಅಪ್ಪಾ?”

ಅಪ್ಪ ಗುಡ್ಡದ ಕಡೆ ಮುಖ ತಿರುಗಿಸಿದ. “ಔಟ್ ಅಂತಿದ್ದೆ,” ಎಂದ. “ಇಷ್ಟು ವರ್ಷ ಕಾದೀನಿ, ಬಿಡ್ತೀನೇನು? ನಿನ್ನ ಕೇಳಿದ್ದು ಚೊಲೋ ಆತು ಬಿಡು. ನಿನ್ನ ಹಂಗ ಬೆಳಸಿ ನಾನ ಕೆಟ್ಟೆ.”

ಹೇಳಿ ಕೋಲಿನ ತುದಿಯಿಂದ ಕೆಂಪು ಮಣ್ಣಿನ ಮೇಲೆ ಒಂದು ಚೌಕ ಎಳೆದ. ಅದರೊಳಗೆ ಚುಕ್ಕೆಗಳನ್ನಿಟ್ಟ. “ನೋಡಿಲ್ಲಿ. ಎಡಕ್ಕ ನಿಂತವ ಓಡವಲ್ಲ. ಕ್ಯಾಪ್ಟನ್ನಿಗೆ ಈಗ ಹೇಳಬೇಕು, ಸಾಕಪಾ ಅಂತ. ನಾ ಹೇಳಿದ್ರ ಕೇಳಂಗಿಲ್ಲ, ನೀ ಹೇಳು, ಮೈಕ್ ಬೇಕಾದ್ರ ತರಿಸೋಣು. ಬಸ್ಯಾನ ಜಾಗಕ್ಕ ಯಾರನ್ನ ಹಾಕೂದು? ನಿನ್ನ ಲೆಕ್ಕದಾಗ ಯಾರದಾರ?”

ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದೆ ಚಪ್ಪಲಿಯ ಸಪ್ಪಳವಾಯಿತು. ನಮ್ಮ ಮನೆಯವರು ಬಂದು ನಿಂತಿದ್ದರು. ಕೊರಳಲ್ಲಿ ಹಾರ, ಮುಖದ ತುಂಬ ಬೆವರು. “ಗಿರಿಜಾ, ಊಟಕ್ಕ ಕಾಯಾಕತ್ತಾರ. ನಮ್ಮವ್ವ ಏನೂ ಅನ್ನಂಗಿಲ್ಲ, ಬಾ,” ಎಂದರು ಮೆಲ್ಲಗೆ. ಆಮೇಲೆ ಅವರ ಕಣ್ಣು ನೆಲದ ಮೇಲಿನ ಚುಕ್ಕೆಗಳ ಮೇಲೆ ಬಿತ್ತು. ಕನ್ನಡಕ ಸರಿಮಾಡಿಕೊಂಡು ಬಗ್ಗಿದರು.

ಅಪ್ಪ ಕೋಲನ್ನು ಅಡ್ಡ ಹಿಡಿದ.

“ಅಳಿಯಂದಿರ,” ಎಂದ ಬಹಳ ಮರ್ಯಾದೆಯಿಂದ, “ತಪ್ಪು ತಿಳೀಬ್ಯಾಡ್ರಿ. ಸ್ವಲ್ಪ ಆ ಕಡೆ ಹೋಗ್ರಿ. ನಮ್ಮ ಟೀಮಿನ ಮೀಟಿಂಗ್ ನಡದೈತಿ.”

ನಮ್ಮ ಮನೆಯವರು ನನ್ನನ್ನು ನೋಡಿದರು, ಅಪ್ಪನನ್ನು ನೋಡಿದರು. ಹಾರವನ್ನು ಸರಿಮಾಡಿಕೊಂಡು, ಶೇಂಗಾ ಮಾರುವವನ ಕಡೆ ನಡೆದರು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಅಪ್ಪನ ಹತ್ತಿರಕ್ಕೆ ಜರುಗಿದೆ.